ಬೆಳೆಯ ಒಡೆಯನ ಬಳಿ ಆಳು ಕೇಳುವುದು

(ಒಳ್ಳೆಯ ಕುರಿಗಾಹಿಯ ಭಾನುವಾರದ, ಅಂದರೆ ಪಾಸ್ಕ ಕಾಲದ ನಾಲ್ಕನೆಯ ಭಾನುವಾರದ, ಮುನ್ನಾದಿನ ಚಿಕ್ಕಮಗಳೂರಿನಲ್ಲಿ, ಚಿಕ್ಕಮಗಳೂರು ಮತ್ತು ಹಾಸನ ಎರಡೂ ಜಿಲ್ಲೆಗಳ ಧರ್ಮಕೇಂದ್ರಗಳಿಂದ ಬಂದಿದ್ದ ವಿಶ್ವಾಸಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಆಡುವಾಗ ಎರಡೆರಡು ಸಲ ಬಂದಿದ್ದನ್ನು ತೆಗೆದಿದ್ದೇನೆ; ಉಳಿದಂತೆ ಹೇಳಿದ ಕ್ರಮದಲ್ಲಿಯೇ ಇದೆ.)

ಪೂಜ್ಯ ಗುರುಗಳೇ, ಧರ್ಮಭಗಿನಿಯರೇ, ಬೆಳಗಿನ ಮೊದಲ ಬಸ್ಸು ಹಿಡಿದು ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಗಳಿಂದ ಇಲ್ಲಿಗೆ ಬಂದಿರುವ ಹಿರಿಯರೇ, ತಾಯಂದಿರೇ, ಯುವಜನರೇ,

ಮತ್ತಾಯನ ಶುಭಸಂದೇಶದ 9ನೆಯ ಅಧ್ಯಾಯದ ಕೊನೆಯಲ್ಲಿ ಯೇಸುಸ್ವಾಮಿ ಹೇಳುವ ಮಾತೊಂದಿದೆ: ಬೆಳೆ ಬಹಳವಾಗಿದೆ, ಕೊಯ್ಲಿನ ಆಳುಗಳು ಕಡಿಮೆ. ಈ ಮಾತು ಬೇರೆ ಊರಿನವರಿಗೆ ಅರ್ಥವಾಗುವುದಕ್ಕಿಂತ ಬೇಗ ನಮಗೆ ಅರ್ಥವಾಗಬೇಕು. ಅರೇಬಿಕಾ ಹಣ್ಣಾಗಲು ತೊಡಗುವ ನವೆಂಬರಿನಿಂದ ರೊಬಸ್ಟಾ ಕೊಯ್ಲು ಮುಗಿಯುವವರೆಗೆ ನಮ್ಮ ಬೆಳೆಗಾರರು ಹೇಗಿರುತ್ತಾರೆ ಎಂಬುದನ್ನು ಇಲ್ಲಿರುವ ಎಲ್ಲರೂ ನೋಡಿದ್ದೀರಿ. ಗಿಡದ ತುಂಬ ಹಣ್ಣು ಕೆಂಪಾಗಿ ನಿಂತಿದೆ, ಕಣ ಸಾರಿಸಿ ಸಿದ್ಧವಾಗಿದೆ, ಆಳಿಲ್ಲ. ಮೇಸ್ತ್ರಿಗೆ ಮುಂಗಡ ಕೊಟ್ಟಾಗಿದೆ, ಅವನು ಪಕ್ಕದ ಎಸ್ಟೇಟಿಗೆ ಜೀಪು ತಿರುಗಿಸಿಕೊಂಡಿದ್ದಾನೆ. ಎರಡು ವಾರ ತಡವಾದರೆ ಹಣ್ಣು ಉದುರಿ ಮಣ್ಣುಪಾಲಾಗುತ್ತದೆ, ಉದುರಿದ ಹಣ್ಣಿನಲ್ಲಿ ಕಾಯಿ ಕೊರೆಯುವ ಹುಳು ಮನೆಮಾಡಿ ಮುಂದಿನ ವರ್ಷದ ಫಸಲಿಗೂ ಕುತ್ತು ತರುತ್ತದೆ. ಆಳು ಸಿಗದ ಕೊಯ್ಲೆಂದರೆ ಇಷ್ಟಿದೆ ಎಂದು ಬಲ್ಲವರಿಗೆ ಯೇಸುಸ್ವಾಮಿಯ ದನಿಯಲ್ಲಿದ್ದ ಆತುರ ಕೇಳಿಸದೆ ಇರುವುದಿಲ್ಲ.

ಆದರೆ ಅವರು ಅದರ ಬೆನ್ನಿಗೇ ಹೇಳುವುದು ನಮ್ಮ ಅನುಭವಕ್ಕೆ ಒಗ್ಗದ ಮಾತು. ನಾವು ಇಂಥ ಹೊತ್ತಿನಲ್ಲಿ ಆಳುಗಳ ಮನೆ ಬಾಗಿಲಿಗೆ ಹೋಗುತ್ತೇವೆ, ಕೂಲಿ ಏರಿಸುತ್ತೇವೆ, ಊಟ ಕಾಫಿ ನಮ್ಮದೇ ಎನ್ನುತ್ತೇವೆ. ಯೇಸುಸ್ವಾಮಿಯಾದರೋ ಬೆಳೆಯ ಒಡೆಯನನ್ನೇ ಬೇಡಿಕೊಳ್ಳಿ, ತನ್ನ ಬೆಳೆಗೆ ಆಳುಗಳನ್ನು ಅವನೇ ಕಳಿಸಲಿ ಎನ್ನುತ್ತಾರೆ. ತನ್ನ ಬೆಳೆ ಹಣ್ಣಾಗಿರುವುದು ಒಡೆಯನಿಗೆ ತಿಳಿಯದೇ? ತಿಳಿದೇ ಇರುತ್ತದೆ. ಹಾಗಿದ್ದೂ ಕೇಳಬೇಕೆಂದು ಏಕೆ ಹೇಳಿದರು ಎಂಬ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದು: ಒಡೆಯನ ಬಳಿ ಆಳು ಕೇಳುವವನು, ಕೇಳುವ ಆ ಕ್ರಿಯೆಯಲ್ಲಿಯೇ, ಈ ತೋಟ ತನ್ನದಲ್ಲ ಎಂದು ಒಪ್ಪಿಕೊಂಡಿರುತ್ತಾನೆ. ಯಾರು ಬರಬೇಕು, ಯಾವ ಸಾಲಿಗೆ ಇಳಿಯಬೇಕು, ಯಾವ ಹೊತ್ತಿಗೆ ಎಂಬ ತೀರ್ಮಾನ ಅವನ ಕೈ ಬಿಟ್ಟು ಹೋಗಿರುತ್ತದೆ. ಇಂದಿನ ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ ಇರುತ್ತದೆ. ಇನ್ನೊಬ್ಬರ ದೈವಕರೆಗಾಗಿ, ಅಂದರೆ ದೇವರು ಅವರನ್ನು ಕರೆಯುವ ಬಾಳಿನ ದಾರಿಗಾಗಿ, ಪ್ರಾರ್ಥಿಸುವುದೆಂದರೆ ಒಡೆಯನನ್ನು ಬೇಡುವುದು. ಆಳಿನ ರಟ್ಟೆ ಹಿಡಿದು ಎಳೆಯುವುದಲ್ಲ. ನಾವು ಎಷ್ಟೋ ಸಲ ಎರಡನೆಯದನ್ನು ಮಾಡುತ್ತ ಅದಕ್ಕೆ ಮೊದಲನೆಯದರ ಹೆಸರಿಟ್ಟಿದ್ದೇವೆ.

ಕಳಿಸಲಿ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವುದು ದೆವ್ವಗಳನ್ನು ಹೊರಗಟ್ಟುವಾಗ ಬಳಸುವ ಅದೇ ಕ್ರಿಯಾಪದ. ನಯವಾಗಿ ಬೀಳ್ಕೊಡುವ ಅರ್ಥ ಅದರಲ್ಲಿಲ್ಲ, ಹೊರಗೆ ನೂಕುವ ಅರ್ಥವಿದೆ. ಒಡೆಯ ನೂಕುತ್ತಾನೆ, ಸರಿ. ಆದರೆ ನೂಕುವ ಅಧಿಕಾರ ಅವನೊಬ್ಬನದು. ಪ್ರಾರ್ಥಿಸಿ ಎಂದು ಈ ಅಧ್ಯಾಯದಲ್ಲಿ ಯಾರಿಗೆ ಹೇಳಿದರೋ, ಮುಂದಿನ ಅಧ್ಯಾಯದಲ್ಲಿ ಅವರಲ್ಲೇ ಹನ್ನೆರಡು ಮಂದಿಯನ್ನು ಹೆಸರು ಹಿಡಿದು ಕರೆದು ಕಳಿಸಿದರು ಎಂಬುದನ್ನೂ ಮರೆಯಬೇಡಿ. ನಮ್ಮ ಮಕ್ಕಳನ್ನು ಬಿಟ್ಟು ಬೇರೆಯವರ ಮಕ್ಕಳನ್ನು ಕರೆ ಎಂದು ಬೇಡುವವರು ಆ 10ನೆಯ ಅಧ್ಯಾಯದವರೆಗೆ ಓದಿಲ್ಲವೆಂದೇ ನನ್ನ ಅನುಮಾನ.

ಪಾಸ್ಕ ಕಾಲದ ನಾಲ್ಕನೆಯ ಭಾನುವಾರವನ್ನು ದೈವಕರೆಗಾಗಿ ವಿಶ್ವ ಪ್ರಾರ್ಥನಾ ದಿನವೆಂದು ಆಚರಿಸುವ ರೂಢಿ 1964ರಲ್ಲಿ ಆರನೆಯ ಪೌಲ ಜಗದ್ಗುರುಗಳ ಕಾಲದಲ್ಲಿ ಆರಂಭವಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1963ರ ನವೆಂಬರಿನಲ್ಲಿ, ಮೈಸೂರು ಧರ್ಮಪ್ರಾಂತ್ಯದಿಂದ ಬೇರೆಯಾಗಿ ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತ್ತು. ಹೀಗಾಗಿ ನಮ್ಮ ಧರ್ಮಪ್ರಾಂತ್ಯಕ್ಕೂ ಈ ಪ್ರಾರ್ಥನೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇಷ್ಟು ವರ್ಷಗಳಲ್ಲಿ ಆ ಪ್ರಾರ್ಥನೆ ನಮ್ಮ ಬಾಯಲ್ಲಿ ನಯವಾಗಿ ಕೂತಿದೆ, ಆದರೆ ಸ್ವಲ್ಪ ಸವೆದೂ ಹೋಗಿದೆ. ಹೆಚ್ಚು ಯಾಜಕರನ್ನು ಕೊಡು, ಹೆಚ್ಚು ಧರ್ಮಭಗಿನಿಯರನ್ನು ಕೊಡು ಎಂದು ನಾವು ಓದುವಾಗ ಅದು ಖಾಲಿ ಹುದ್ದೆ ಭರ್ತಿಮಾಡಿಕೊಡಿ ಎಂದು ಮೇಲಿನ ಕಚೇರಿಗೆ ಬರೆದ ಅರ್ಜಿಯಂತೆ ಕೇಳುತ್ತದೆ. ನಾನು ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದವನು, ಅಂಥ ಅರ್ಜಿಗಳನ್ನು ಸಾಕಷ್ಟು ಬರೆದಿದ್ದೇನೆ. ಅವುಗಳಲ್ಲಿ ಹುದ್ದೆ ಇರುತ್ತದೆ, ಮನುಷ್ಯ ಇರುವುದಿಲ್ಲ.

ದೈವಕರೆ ಎಂದೊಡನೆ ಬಿಳಿಯ ನಿಲುವಂಗಿಯೊಂದೇ ನೆನಪಾಗುವ ನಮ್ಮ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ನಾನದೀಕ್ಷೆ ಪಡೆದ ಪ್ರತಿಯೊಬ್ಬರಿಗೂ ಪಾವನತೆಯ ಕರೆಯಿದೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ವಿಸ್ತಾರವಾಗಿ ಹೇಳಿದೆ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯಂಥ ಕಡೆ, ನಮ್ಮ ಪ್ರೊಟೆಸ್ಟೆಂಟ್ ಸಹೋದರರು ಕಟ್ಟಿ ನಡೆಸಿಕೊಂಡು ಬಂದಿರುವ ವಾರ್ಡುಗಳಲ್ಲಿ, ರಾತ್ರಿ ಪಾಳಿಯಲ್ಲಿ ಎದ್ದಿರುವ ದಾದಿಯದೂ ಕರೆಯೇ. ಭಾನುವಾರ ಮಧ್ಯಾಹ್ನ ನಿದ್ದೆ ಬಿಟ್ಟು ಹತ್ತು ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಉಪದೇಶಿಯದೂ ಕರೆಯೇ. ಕುಡುಕ ಗಂಡನೊಡನೆ ಬಾಳುತ್ತ ಮಕ್ಕಳ ವಿಶ್ವಾಸ ಕೆಡದಂತೆ ನೋಡಿಕೊಂಡ ತಾಯಿಯದು ಎಂಥ ಕರೆ ಎಂದು ತೂಗಿ ಹೇಳಲು ನನಗೆ ತಕ್ಕಡಿಯೇ ಸಿಗುವುದಿಲ್ಲ. ಇಂದು ಹೇಳುವ ಮಾತೆಲ್ಲ ಇವರಿಗೂ ಸಲ್ಲುತ್ತದೆ ಎಂದಿಟ್ಟುಕೊಂಡು ಕೇಳಿ.

ಈಗ ಹಳೆಯ ಒಡಂಬಡಿಕೆಯ ಹನ್ನಳ ವಿಷಯಕ್ಕೆ ಬರುತ್ತೇನೆ. ಮಗುವಿಗಾಗಿ ಅತ್ತು ಬೇಡಿದ ಹನ್ನಳು, ಹುಟ್ಟಿದ ಸಮುವೇಲನನ್ನು ಮೊಲೆ ಬಿಡಿಸಿದ ಮೇಲೆ ಶಿಲೋವಿನ ದೇವಾಲಯದಲ್ಲಿ ಬಿಟ್ಟು ಬಂದ ಕತೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಒಂದು ವಾಕ್ಯವನ್ನು ಮಾತ್ರ ನಾವು ಓದಿಕೊಂಡು ದಾಟಿಬಿಡುತ್ತೇವೆ. ಅವಳು ವರ್ಷವರ್ಷವೂ ಅವನಿಗೊಂದು ಪುಟ್ಟ ಮೇಲಂಗಿ ಹೊಲಿದು, ಬಲಿಯರ್ಪಣೆಗೆ ಗಂಡನೊಡನೆ ಹೋಗುವಾಗ ತೆಗೆದುಕೊಂಡು ಹೋಗಿ ಕೊಡುತ್ತಿದ್ದಳು. ಒಂದು ವರ್ಷ ಕಣ್ಣಿಗೆ ಬೀಳದ ಮಗನಿಗೆ ಅಂಗಿ ಹೊಲಿಯುವುದು ಹೇಗೆ? ಕಳೆದ ಬಾರಿ ಕಂಡಾಗ ಹೆಗಲು ಎಷ್ಟಿತ್ತು, ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಎಷ್ಟು ಬೆಳೆಯುತ್ತಾರೆ, ಊರಿನಲ್ಲಿ ಅವನ ಓರಗೆಯ ಹುಡುಗರು ಎಷ್ಟೆತ್ತರವಾಗಿದ್ದಾರೆ ಎಂದು ಅವಳು ಲೆಕ್ಕ ಹಾಕಿರಬೇಕು. ಆ ಅಂಗಿಯ ಪ್ರತಿ ಹೊಲಿಗೆಯಲ್ಲೂ ಮಗನ ಅಳತೆಯ ಬಗೆಗಿನ ಯೋಚನೆಯಿದೆ. ಇನ್ನೊಬ್ಬರ ಕರೆಗಾಗಿ ಮಾಡುವ ಪ್ರಾರ್ಥನೆಯೂ ಹೀಗೆ ಅಳತೆ ಹಿಡಿದು ಹೊಲಿದದ್ದಾಗಿರಬೇಕೆಂದು ನನಗನ್ನಿಸುತ್ತದೆ. ಎಲ್ಲರಿಗೂ ಆಗುವ ಒಂದೇ ಅಳತೆಯ ಅಂಗಿ ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ಅವ್ವನಿಂದ ಕಲಿತೆ. ನನ್ನ ತಂಗಿ ಧರ್ಮಭಗಿನಿಯಾಗಿ ಉತ್ತರ ಭಾರತದ ಒಂದು ಹಳ್ಳಿಯ ಔಷಧಾಲಯದಲ್ಲಿ ಬಹಳ ವರ್ಷ ಇದ್ದಳು. ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಹೇಳಿದಂತೆ ನಾನು ಪತ್ರ ಬರೆಯುತ್ತಿದ್ದೆ. ಚೆನ್ನಾಗಿದ್ದೀಯಾ, ದೇವರು ನಿನ್ನನ್ನು ಆಶೀರ್ವದಿಸಲಿ ಎಂಬ ಸಾಲುಗಳ ಬದಲು ಅವಳು ಕೇಳಿಸುತ್ತಿದ್ದದ್ದು ಪ್ರಶ್ನೆಗಳನ್ನು. ನೀರು ಎಷ್ಟು ದೂರದಿಂದ ತರುತ್ತೀರಿ? ರಾತ್ರಿ ಹೊತ್ತು ಹೆರಿಗೆಗೆ ಕರೆದರೆ ಜೊತೆಗೆ ಯಾರು ಬರುತ್ತಾರೆ? ಅಲ್ಲಿಯ ಮಾತು ಬಾಯಿಗೆ ಬಂತಾ? ನಿನ್ನ ಜೊತೆಗಿರುವ ದೊಡ್ಡ ಸಿಸ್ಟರಿಗೆ ಸಿಟ್ಟು ಇಳಿಯಿತಾ? ಉತ್ತರ ಬಂದ ರಾತ್ರಿಯಿಂದ ಜಪಸರದ ಕೊನೆಯ ಬೇಡಿಕೆಗಳಲ್ಲಿ ಅವೇ ಸಂಗತಿಗಳು ಸೇರಿಕೊಳ್ಳುತ್ತಿದ್ದವು. ಬಾವಿಯ ನೀರಿಗಾಗಿ, ಲಾಟೀನು ಹಿಡಿದು ಜೊತೆಗೆ ಬರುವ ಮುದುಕನಿಗಾಗಿ, ದೊಡ್ಡ ಸಿಸ್ಟರಿನ ಸಿಟ್ಟಿಗಾಗಿ ನಮ್ಮ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ತಂಗಿ ರಜೆಗೆ ಬಂದಾಗ ಒಮ್ಮೆ ಹೇಳಿದಳು: "ಅಣ್ಣಾ, ಅಲ್ಲಿ ನನ್ನ ಕೆಲಸ ಏನು ಅಂತ ಸರಿಯಾಗಿ ಗೊತ್ತಿರೋದು ಇಬ್ಬರಿಗೆ. ಒಬ್ಬ ದೇವರು, ಇನ್ನೊಬ್ಬಳು ಅವ್ವ. ನಮ್ಮ ಮೇಲಧಿಕಾರಿಗಳಿಗೂ ಇಷ್ಟು ಗೊತ್ತಿಲ್ಲ."

ಸಂತ ಪೌಲರು ಸಹ ತಮಗಾಗಿ ಪ್ರಾರ್ಥಿಸಿ ಎಂದು ಕೇಳುವಾಗ ವಿಷಯವನ್ನು ಬಿಡಿಸಿ ಹೇಳುತ್ತಾರೆ. ರೋಮಿನವರಿಗೆ ಬರೆದ ಪತ್ರದ 15ನೆಯ ಅಧ್ಯಾಯದಲ್ಲಿ ಅವರು ಕೇಳುವುದು ಎರಡು: ಜುದೇಯದಲ್ಲಿ ತಮ್ಮನ್ನು ಎದುರಿಸುವವರಿಂದ ತಾವು ಪಾರಾಗಬೇಕು; ಜೆರುಸಲೇಮಿನ ಭಕ್ತರಿಗೆಂದು ಒಯ್ಯುತ್ತಿರುವ ನೆರವು ಅವರಿಗೆ ಒಪ್ಪಿಗೆಯಾಗಬೇಕು. ಎರಡನೆಯದನ್ನು ಗಮನಿಸಿ. ಕೊಟ್ಟದ್ದನ್ನು ನಮ್ಮವರೇ ತಿರಸ್ಕರಿಸಿಯಾರು ಎಂಬ ಅಳುಕು ಪೌಲರಂಥವರಿಗೂ ಇತ್ತು, ಅದನ್ನು ಮುಚ್ಚಿಡದೆ ಕಾಣದ ಊರಿನವರಿಗೆ ಬರೆದರು. ಕೊಲೊಸ್ಸೆಯವರಿಗೆ ಬರೆಯುವಾಗ ಅವರು ಸೆರೆಯಲ್ಲಿದ್ದರು. ಅಲ್ಲಿಂದ, ಬಾಗಿಲು ತೆರೆಯುವಂತೆ ಪ್ರಾರ್ಥಿಸಿ ಎಂದು ಕೇಳುತ್ತಾರೆ. ಸೆರೆಮನೆಯ ಬಾಗಿಲನ್ನಲ್ಲ, ವಾಕ್ಯಕ್ಕೆ ಬಾಗಿಲು. ನಾವಾಗಿದ್ದರೆ ಕೇಳದೆಯೇ ಅವರ ಬಿಡುಗಡೆಗಾಗಿ ಒಂಬತ್ತು ದಿನದ ನೊವೇನ ಆರಂಭಿಸಿಬಿಡುತ್ತಿದ್ದೆವು. ಅದು ತಪ್ಪೆಂದು ಹೇಳುತ್ತಿಲ್ಲ. ಕೆಲಸ ಮಾಡುವವನಿಗೆ ಬೇಕಾದದ್ದು ಏನೆಂದು ಅವನನ್ನೇ ಕೇಳಿದರೆ ನಮಗೆ ತೋಚದ ಉತ್ತರ ಬರಬಹುದು ಎನ್ನುತ್ತಿದ್ದೇನೆ. ಅದೇ ಪತ್ರದ ಕೊನೆಯಲ್ಲಿ ಎಪಫ್ರನೆಂಬ ಕೊಲೊಸ್ಸೆಯವನ ಹೆಸರು ಬರುತ್ತದೆ. ಅವನು ತನ್ನ ಊರಿನವರಿಗಾಗಿ ಪ್ರಾರ್ಥನೆಯಲ್ಲಿ ಹೋರಾಡುತ್ತಾನೆ ಎಂದು ಪೌಲರು ಬರೆಯುತ್ತಾರೆ. ಹೋರಾಟ ಎಂಬ ಪದ ಅಲ್ಲಿ ಸುಮ್ಮನೆ ಬಿದ್ದದ್ದಲ್ಲ. ಅದು ಕುಸ್ತಿಯ ಕಣದ ಮಾತು, ಬೆವರಿನ ಮಾತು.

ಇದಕ್ಕೆ ಸೇರಿಸಿ ವಿಮೋಚನಕಾಂಡದ 17ನೆಯ ಅಧ್ಯಾಯವನ್ನೂ ನೋಡೋಣ. ಅಮಾಲೇಕ್ಯರೊಡನೆ ಯುದ್ಧ ನಡೆಯುವಾಗ ಗುಡ್ಡದ ಮೇಲೆ ಮೋಶೆ ಕೈಯೆತ್ತಿ ನಿಂತ ಕತೆಯನ್ನು ಇಂಥ ಸಭೆಗಳಲ್ಲಿ ತಪ್ಪದೆ ಹೇಳುತ್ತಾರೆ. ಆರೋನನೂ ಹೂರನೂ ಎರಡು ಬದಿಯಲ್ಲಿ ಅವನ ಕೈ ಹಿಡಿದರು ಎನ್ನುತ್ತಾರೆ. ಕೈ ಹಿಡಿಯುವುದಕ್ಕೆ ಮೊದಲು ಅವರು ಒಂದು ಕಲ್ಲು ತಂದು ಹಾಕಿ ಅವನನ್ನು ಅದರ ಮೇಲೆ ಕೂರಿಸಿದರು ಎಂಬುದನ್ನು ಹೇಳುವವರು ಕಡಿಮೆ. ಮುದುಕ, ಕಾಲು ಸೋತಿದೆ, ಮೊದಲು ಕೂರಲಿ ಎಂದುಕೊಂಡರು. ನಮ್ಮ ಗುರುಗಳಿಗಾಗಿ ಜಪಸರ ಮಾಡುವ ನಾವು, ಅವರು ಜ್ವರ ಬಂದು ಮೂರು ದಿನ ಒಬ್ಬರೇ ಮಲಗಿದ್ದಾಗ ಗಂಜಿ ಕೊಂಡೊಯ್ದಿದ್ದೇವೆಯೇ? ಮಳೆಗಾಲದಲ್ಲಿ ಬೈಕಿನಲ್ಲಿ ನಾಲ್ಕು ಉಪಕೇಂದ್ರ ಸುತ್ತಿ ಬಲಿಪೂಜೆ ಅರ್ಪಿಸಿ ನೆನೆದು ಬಂದವರಿಗೆ, ಹಬ್ಬದ ಲೆಕ್ಕಪತ್ರ ಎಲ್ಲಿ ಎಂದು ಬಾಗಿಲಲ್ಲೇ ಕೇಳಿದ ಉದಾಹರಣೆ ನಮ್ಮಲ್ಲಿ ಇಲ್ಲವೇ? ಕಲ್ಲು ತಾರದೆ ಕೈ ಹಿಡಿಯಲು ಹೋದರೆ ಮೂವರೂ ಬೇಗ ದಣಿಯುತ್ತಾರೆ.

ಇಲ್ಲಿಂದ ನಮ್ಮ ನೆಲಕ್ಕೆ ಬರುತ್ತೇನೆ. ಹಾಸನದ ಬಳಿಯ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ ಈಗ ಪ್ರವಾಸಿಗರಿಗೆಲ್ಲ ಗೊತ್ತು. ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಆ ಗುಡಿ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಎದ್ದು ನಿಲ್ಲುತ್ತದೆ; ಜನ ಬಂದು ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನನಗೆ ಅಲ್ಲಿ ನಿಂತಾಗಲೆಲ್ಲ ಅದನ್ನು ಕಟ್ಟಿದವರಿಗಾಗಿ ಫ್ರಾನ್ಸಿನ ಯಾವ ಯಾವ ಹಳ್ಳಿಗಳಲ್ಲಿ ಯಾರು ಯಾರು ಮಂಡಿಯೂರಿದ್ದರೋ ಎಂಬ ಯೋಚನೆ ಬರುತ್ತದೆ. ನಮ್ಮ ಸತ್ತಿಹಳ್ಳಿ ಕಡೆಯ ಕ್ರೈಸ್ತರ ಬೇರನ್ನು ಹಿಡಿದು ಹೋದರೆ ಸಿಗುವವರು ದೊಡ್ಡಸ್ವಾಮಿಯವರೆಂದು ಜನ ಕರೆದ ಅಬ್ಬೆ ದುಬ್ವಾ. ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಈ ಯಾಜಕರು ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ದುಡಿದರು, ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ನೆಲೆಗೊಳಿಸಿದರು. 1823ರಲ್ಲಿ ಫ್ರಾನ್ಸಿಗೆ ಮರಳಿದಾಗ ಅವರ ಮನಸ್ಸು ಕಹಿಯಾಗಿತ್ತು. ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆಯೇ ಇಲ್ಲವೆಂದು ಅಚ್ಚುಹಾಕಿಸಿ ಹೇಳಿದರು. ಹಾಗೆ ಹೇಳಿದವರು ಉಳಿದ ಆಯುಷ್ಯವನ್ನು ಕಳೆದದ್ದು ಎಲ್ಲಿ ಎಂದರೆ ಅದೇ ಸಂಸ್ಥೆಯ ಗುರುಮಠದಲ್ಲಿ, ಪೂರ್ವ ದೇಶಗಳಿಗೆ ಹೊರಡುವ ಯುವಕರನ್ನು ತಯಾರು ಮಾಡುತ್ತ. ತನ್ನ ಕೆಲಸ ಕೈಗೂಡಲಿಲ್ಲವೆಂದು ನಂಬಿದ ಮನುಷ್ಯ ಇತರರ ಕರೆಗೆ ಹೆಗಲು ಕೊಟ್ಟರು. ಅವರು ಕೈಗೂಡಲಿಲ್ಲವೆಂದ ಕೆಲಸದ ಮೊಮ್ಮಕ್ಕಳ ಮರಿಮಕ್ಕಳು ಇಲ್ಲಿ ಮೂರನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದೀರಿ.

ಅದೇ ಪ್ಯಾರಿಸ್ ಗುರುಮಠದಿಂದ ಚೀನಾದ ಸಿಚುವಾನ್ ಕಡೆಗೆ ಹೊರಟವರು ಅಡಾಲ್ಫ್ ರೂಲಾನ್ ಎಂಬ ಯುವ ಯಾಜಕರು. ಅವರಿಗಾಗಿ ಪ್ರಾರ್ಥಿಸುವ ಹೊಣೆ 1896ರಲ್ಲಿ ಫ್ರಾನ್ಸಿನ ಲಿಸಿಯದ ಕಾರ್ಮೆಲ್ ಕನ್ಯಾಮಠದ ಒಬ್ಬ ಸಿಸ್ಟರಿಗೆ ಬಂತು. ಅವರೇ ನಮ್ಮ ಮನೆಮನೆಗಳಲ್ಲಿ ಗುಲಾಬಿ ಹಿಡಿದ ಚಿತ್ರವಾಗಿ ನಿಂತಿರುವ ಪುಟ್ಟ ತೆರೇಸಮ್ಮನವರು. 15ನೆಯ ವಯಸ್ಸಿಗೆ ಮಠದೊಳಗೆ ಹೋದ ಅವರು ಮತ್ತೆ ಹೊರಗೆ ಬರಲಿಲ್ಲ, 24ನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಮಿಷನ್ ಸ್ಥಳವೊಂದನ್ನೂ ಕಣ್ಣಿನಿಂದ ಕಾಣದ ಇವರನ್ನು 1927ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಸಂತ ಫ್ರಾನ್ಸಿಸ್ ಝೇವಿಯರರ ಜೊತೆಗೆ ಮಿಷನ್ ಕಾರ್ಯದ ಪಾಲಕರೆಂದು ಘೋಷಿಸಿದರು. ಈ ಸಂಗತಿಯನ್ನು ನಾವು ಭಾಷಣಗಳಲ್ಲಿ ಕೇಳುತ್ತ ಬಂದಿದ್ದೇವೆ. ಅವರು ಪ್ರಾರ್ಥಿಸಿದ ರೀತಿಯನ್ನು ಅಷ್ಟಾಗಿ ಕೇಳಿಲ್ಲ. ರೂಲಾನರು ಹೋಗಲಿದ್ದ ಸಿಚುವಾನಿನ ಭೂಪಟವನ್ನು ತಾವು ಕೆಲಸ ಮಾಡುವ ಕಡೆ ಗೋಡೆಗೆ ಅಂಟಿಸಿಕೊಂಡಿದ್ದರು. ಪತ್ರ ಬರೆದರು, ಉತ್ತರ ಓದಿದರು. ಕಾಯಿಲೆ ಬಲಿತ ಮೇಲೆ, ತೋಟದಲ್ಲಿ ದಿನವೂ ಸ್ವಲ್ಪ ನಡೆಯಬೇಕೆಂಬ ಅಪ್ಪಣೆಯಂತೆ ಏದುಸಿರು ಬಿಡುತ್ತ ನಡೆಯುತ್ತಿದ್ದವರನ್ನು ಕಂಡು, ಇದರಿಂದ ಆಯಾಸವೇ ಹೊರತು ಗುಣವೇನಿದೆ ಎಂದು ಜೊತೆಯ ಸಿಸ್ಟರೊಬ್ಬರು ಮರುಗಿದಾಗ, ಎಲ್ಲೋ ದೂರದಲ್ಲಿ ನಡೆದು ದಣಿದ ಮಿಷನರಿಯೊಬ್ಬನಿಗಾಗಿ ತಾನು ನಡೆಯುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟರಂತೆ. ಭೂಪಟ ನೋಡಿಕೊಂಡು ಮಾಡಿದ ಪ್ರಾರ್ಥನೆ ಅದು. ಹನ್ನಳ ಅಂಗಿಯ ಜಾತಿಗೆ ಸೇರಿದ್ದು.

ತೆರೇಸಮ್ಮನವರ ಪ್ರಾರ್ಥನೆಗೆ ಒಪ್ಪಿಸಲಾದ ಮಿಷನರಿಗಳು ಇಬ್ಬರು. ಇನ್ನೊಬ್ಬರು, ರೂಲಾನರಿಗಿಂತ ಒಂದು ವರ್ಷ ಮೊದಲೇ ಬಂದವರು, ಮೊರಿಸ್ ಬೆಲ್ಯೇರ್. ತಬ್ಬಲಿಯಾಗಿ ಬೆಳೆದ, ಅಂಜುಬುರುಕ ಮನಸ್ಸಿನ ಹುಡುಗ. ತನ್ನ ಕರೆ ನಿಂತೀತೋ ಇಲ್ಲವೋ ಎಂಬ ಭಯದಿಂದಲೇ ಕಾರ್ಮೆಲ್ ಮಠಕ್ಕೆ ಪ್ರಾರ್ಥನೆಯ ನೆರವು ಕೇಳಿ ಬರೆದಿದ್ದ. ಆಫ್ರಿಕಾದ ಮಿಷನರಿ ಸಭೆ ಸೇರಲು ಅವನು ಹಡಗು ಹತ್ತಿದ್ದು 1897ರ ಸೆಪ್ಟೆಂಬರ್ 29ರಂದು. ಮರುದಿನ ಸಂಜೆ ತೆರೇಸಮ್ಮನವರು ಪ್ರಾಣ ಬಿಟ್ಟರು. ಮುಂದೆ ಯಾಜಕನಾಗಿ ನ್ಯಾಸಾಲ್ಯಾಂಡಿಗೆ, ಅಂದರೆ ಇಂದಿನ ಮಲಾವಿಗೆ, ಹೋದ ಬೆಲ್ಯೇರ್ ಅಲ್ಲಿ ಕಾಯಿಲೆ ಬಿದ್ದು, ಮನಸ್ಸೂ ಕುಸಿದು, ಕೆಲವೇ ವರ್ಷಗಳಲ್ಲಿ ಫ್ರಾನ್ಸಿಗೆ ಹಿಂತಿರುಗಿ ಬಂದ. 1907ರಲ್ಲಿ ಕಾನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವನಿಗೆ 33 ವರ್ಷ. ತೆರೇಸಮ್ಮನವರ ತಂದೆ ಬುದ್ಧಿ ಮಂಕಾಗಿ ಮೂರು ವರ್ಷ ಇದ್ದದ್ದೂ ಅದೇ ಆಸ್ಪತ್ರೆಯಲ್ಲಿ.

ಸಂತರೊಬ್ಬರು ಹೆಸರು ಹಿಡಿದು ಪ್ರಾರ್ಥಿಸಿದ ಇಬ್ಬರಲ್ಲಿ ಒಬ್ಬರು ದೀರ್ಘಕಾಲ ಮಿಷನರಿಯಾಗಿ ಬಾಳಿದರು, ಇನ್ನೊಬ್ಬ ಮುರಿದು ಹಿಂತಿರುಗಿದ. ಎರಡನೆಯವನ ಕತೆಯನ್ನು ನಾವು ಏಕೆ ಹೇಳುವುದಿಲ್ಲ? ಅಲ್ಲಿ ಪ್ರಾರ್ಥನೆ ಫಲಿಸಲಿಲ್ಲ ಎಂದು ನಮಗೆ ಒಳಗೊಳಗೇ ಅನ್ನಿಸಿರುವುದರಿಂದ. ಈ ಅನ್ನಿಸಿಕೆ ತಪ್ಪೆಂದು ನಾನು ನಂಬಿದ್ದೇನೆ. ಹೇಳಲು ನನಗೆ ಸ್ವಂತ ಕಾರಣವೂ ಇದೆ.

ನಾನು 18ನೆಯ ವಯಸ್ಸಿಗೆ ಗುರುಮಠ ಸೇರಿದವನು. ನಾಲ್ಕನೆಯ ವರ್ಷ ಮರಳಿ ಬಂದವನು. ಯಾರೂ ನನ್ನನ್ನು ಹೊರಹಾಕಲಿಲ್ಲ. ಇದು ನನ್ನ ದಾರಿಯಲ್ಲ ಎಂದು ನಿಧಾನವಾಗಿ ಗೊತ್ತಾಯಿತು, ಅಲ್ಲಿಯ ಹಿರಿಯ ಗುರುಗಳೂ ಹಾಗೆಯೇ ಕಂಡು ಪ್ರೀತಿಯಿಂದಲೇ ಕಳಿಸಿಕೊಟ್ಟರು. ಕಷ್ಟವಾದದ್ದು ಊರಿನಲ್ಲಿ. ಬಸ್ಸಿನಿಂದ ಟ್ರಂಕು ಇಳಿಸಿಕೊಳ್ಳುವಾಗಲೇ ಏನು ತಪ್ಪು ಮಾಡಿದ ಎಂಬ ಪ್ರಶ್ನೆ ಜನರ ಕಣ್ಣಲ್ಲಿ ಕಂಡಿತು. ನಾಲ್ಕು ವರ್ಷ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಮ್ಮ ಊರಿನ ಗುರುಮಠದ ಹುಡುಗರ ಹೆಸರುಗಳೊಡನೆ ನನ್ನ ಹೆಸರನ್ನೂ ಓದುತ್ತಿದ್ದರು. ಮುಂದಿನ ಭಾನುವಾರ ಅದನ್ನು ಬಿಟ್ಟು ಉಳಿದವನ್ನು ಓದಿದರು. ಪಟ್ಟಿಯಿಂದ ಹೆಸರು ತೆಗೆದವರ ಮೇಲೆ ನನಗೆ ಸಿಟ್ಟಿಲ್ಲ, ಅದು ಗುರುಮಠದವರ ಪಟ್ಟಿ. ಆದರೆ ಯಾವ ಹೊತ್ತಿನಲ್ಲಿ ನನಗೆ ಆ ಪ್ರಾರ್ಥನೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿತ್ತೋ ಆ ಹೊತ್ತಿನಲ್ಲಿಯೇ ನನ್ನನ್ನು ಸೇರಿಸಬಹುದಾದ ಪಟ್ಟಿ ಊರಿನಲ್ಲಿ ಯಾರ ಬಳಿಯೂ ಇರಲಿಲ್ಲ.

ಮನೆಗೆ ಬಂದ ಮೊದಲ ರಾತ್ರಿ ಜಪಸರದ ಕೊನೆಗೆ ಅವ್ವ ಏನು ಹೇಳುತ್ತಾಳೋ ಎಂದು ಹೆದರಿ ಕುಳಿತಿದ್ದೆ. ಅವಳು ಎಂದಿನಂತೆ ಸತ್ತವರಿಂದ ಆರಂಭಿಸಿ, ಅಪ್ಪನ ಮಂಡಿನೋವು ಹೇಳಿ, ತಂಗಿಯ ಹೆಸರಿಗೆ ಮೊದಲು ನನ್ನ ಹೆಸರಿಗೆ ಬಂದಳು. "ಸ್ವಾಮಿ, ಇವನನ್ನ ಎಲ್ಲಿಗೆ ಕರೀತೀಯೋ ಅಲ್ಲಿಗೆ ಕಳಿಸು" ಎಂದಳು. ನಾಲ್ಕು ವರ್ಷ ರಜೆಗೆ ಬಂದಾಗಲೆಲ್ಲ ಕೇಳಿಸಿಕೊಂಡಿದ್ದ ಅದೇ ವಾಕ್ಯ. ಒಂದು ಅಕ್ಷರ ಬದಲಾಗಿರಲಿಲ್ಲ. ಅವಳು ಎಂದೂ ಇವನು ಸ್ವಾಮಿಯಾಗಲಿ ಎಂದು ಬೇಡಿಯೇ ಇರಲಿಲ್ಲ. ನಾನು ಹಾಗೆಂದುಕೊಂಡಿದ್ದೆ, ಅಷ್ಟೆ. ಮೂರು ವರ್ಷದ ನಂತರ ನನಗೆ ಶಾಲೆಯ ಕೆಲಸ ಸಿಕ್ಕಿದಾಗಲೂ ಆ ವಾಕ್ಯ ನಿಲ್ಲಲಿಲ್ಲ. ಈಗಂತೂ ಸೇರಿದೆನಲ್ಲ ಅವ್ವ ಎಂದರೆ, "ದಿನಾ ಕರೀತಾನಲ್ಲ ಮಗಾ, ದಿನಾ ಹೋಗಬೇಕಲ್ಲ" ಎಂದಳು.

ಯೇಸುಸ್ವಾಮಿ ತಮ್ಮ ಕಡೆಯ ಭೋಜನದ ರಾತ್ರಿ ಪೇತ್ರನಿಗೆ ಹೇಳಿದ್ದನ್ನು ಲೂಕನು ಬರೆದಿಟ್ಟಿದ್ದಾನೆ: ಸೈತಾನನು ನಿಮ್ಮನ್ನು ಗೋದಿಯಂತೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ, ಆದರೆ ನಿನ್ನ ವಿಶ್ವಾಸ ಕುಂದದಂತೆ ನಾನು ನಿನಗಾಗಿ ಪ್ರಾರ್ಥಿಸಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು. ಪೇತ್ರ ಬೀಳದಿರಲಿ ಎಂದು ಅವರು ಪ್ರಾರ್ಥಿಸಲಿಲ್ಲ. ಬೀಳುತ್ತಾನೆಂದು ಗೊತ್ತಿತ್ತು, ಬೆಳಗಾಗುವುದರೊಳಗೆ ಬಿದ್ದ. ಬಿದ್ದಾಗಲೂ ವಿಶ್ವಾಸ ಆರಿಹೋಗದಿರಲಿ ಎಂಬುದು ಆ ಪ್ರಾರ್ಥನೆ. ಇತರರ ಕರೆಗಾಗಿ ನಾವು ಮಾಡುವ ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಇದು ಯಶಸ್ಸಿಗಾಗಿ ಮಾಡಿದ ಹರಕೆಯಲ್ಲ. ಆ ಮನುಷ್ಯ ಎಲ್ಲಿ ಹೋದರೂ ಅವನ ಹಿಂದೆಯೇ ಹೋಗುವ ಪ್ರಾರ್ಥನೆ.

ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು. ಹುಡುಗನೊಬ್ಬ ಗುರುಮಠಕ್ಕೆ ಹೋಗುತ್ತೇನೆಂದರೆ ತಡೆಯುವ ಮನೆಗಳು ಈಗ ಹೆಚ್ಚು, ಮನೆಯಲ್ಲಿರುವುದೇ ಒಬ್ಬ ಇಬ್ಬರು ಮಕ್ಕಳು. ಆ ಕಷ್ಟ ನನಗೆ ಗೊತ್ತು. ಆದರೆ ನಾವೆಲ್ಲ ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ, ಹಿಂದೆ ಮಾತ್ರ ಬರಬೇಡ ಎಂದು ಕಳಿಸುವ ಮನೆಗಳೂ ಇವೆ. ಅಂಥ ಪ್ರಾರ್ಥನೆ ಹುಡುಗನ ತಲೆಯ ಮೇಲಿನ ಮೂಟೆಯಾಗುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 13ನೆಯ ಅಧ್ಯಾಯದಲ್ಲಿ ಅಂತಿಯೋಕ್ಯದ ಸಭೆ ಉಪವಾಸವಿದ್ದು ಪ್ರಾರ್ಥಿಸಿ ಬಾರ್ನಬ ಮತ್ತು ಸೌಲರ ಮೇಲೆ ಕೈಯಿಟ್ಟು ಕಳಿಸಿತು ಎಂದು ಓದುತ್ತೇವೆ. ಕಳಿಸಿತು ಎಂಬುದಕ್ಕೆ ಅಲ್ಲಿರುವ ಮೂಲಪದಕ್ಕೆ ಬಿಟ್ಟುಕೊಡು, ಬಿಡುಗಡೆ ಮಾಡು ಎಂಬ ಅರ್ಥ. ತಮ್ಮ ಉಪದೇಶಕರಲ್ಲಿ ಮುಖ್ಯರಾದ ಇಬ್ಬರನ್ನೇ ಅವರು ಬಿಟ್ಟುಕೊಟ್ಟರು. ತಲೆಯ ಮೇಲಿಟ್ಟ ಕೈಯನ್ನು ತೆಗೆಯುವುದೂ ಆ ಪ್ರಾರ್ಥನೆಯ ಭಾಗವೇ ಆಗಿತ್ತು. ಮುದುಕ ಏಲಿಯನ್ನೂ ನೆನೆಯಿರಿ: ಸ್ವಂತ ಮಕ್ಕಳ ವಿಷಯದಲ್ಲಿ ಸೋತ, ಕಣ್ಣು ಮಂಜಾದ ಯಾಜಕ ಅವನು. ರಾತ್ರಿ ಮೂರು ಸಲ ಎಬ್ಬಿಸಿದ ಹುಡುಗ ಸಮುವೇಲನಿಗೆ ದೇವರು ನಿನ್ನನ್ನು ಇಂಥದ್ದಕ್ಕೆ ಕರೆಯುತ್ತಿದ್ದಾನೆ ಎಂದು ಅವನು ಹೇಳಲಿಲ್ಲ. ಹೇಗೆ ಓಗೊಡಬೇಕೆಂದು ಹೇಳಿಕೊಟ್ಟು, ಹೋಗಿ ಮಲಗು ಎಂದ.

ಪ್ರಾರ್ಥನೆ ಕೈಗೂಡಿದಾಗ ಗುರುತು ಹಿಡಿಯುವುದೂ ನಮಗೆ ಕಷ್ಟವೇ. ಪೇತ್ರ ಸೆರೆಯಲ್ಲಿದ್ದಾಗ ಮಾರ್ಕನೆನಿಸಿಕೊಂಡ ಯೊವಾನ್ನನ ತಾಯಿ ಮರಿಯಳ ಮನೆಯಲ್ಲಿ ಜನ ಸೇರಿ ಅವನಿಗಾಗಿ ರಾತ್ರಿಯೆಲ್ಲ ಪ್ರಾರ್ಥಿಸುತ್ತಿದ್ದರು. ಬಿಡುಗಡೆಯಾದ ಪೇತ್ರ ಬಂದು ಬಾಗಿಲು ತಟ್ಟಿದಾಗ ಮನೆಗೆಲಸದ ಹುಡುಗಿ ರೋದೆ ಸಂತೋಷದಲ್ಲಿ ಅಗುಳಿ ತೆಗೆಯುವುದನ್ನೂ ಮರೆತು ಒಳಗೋಡಿದಳು. ಪ್ರಾರ್ಥನೆಯಲ್ಲಿದ್ದವರು ನಿನಗೆ ಹುಚ್ಚೇ ಎಂದರು. ಕೇಳಿದ್ದು ಬಾಗಿಲಲ್ಲಿ ನಿಂತು ತಟ್ಟುತ್ತಿತ್ತು, ಒಳಗೆ ಇನ್ನೂ ಕೇಳುತ್ತಲೇ ಇದ್ದರು. ಬೈಬಲಿನಲ್ಲಿ ನಗು ತರಿಸುವ ಜಾಗಗಳು ಕಡಿಮೆಯಿಲ್ಲ, ನಾವು ಪೀಠದ ಮೇಲೆ ನಿಂತು ಓದುವ ದನಿಯಲ್ಲಿ ಅವು ಅಡಗಿಹೋಗುತ್ತವೆ.

ಕಡೆಗೆ, ಇಂದಿನ ಕೆಲಸ. ಹೊರಗೆ ಕಾಫಿ ಇಟ್ಟಿರುವ ಮೇಜಿನ ಪಕ್ಕ ಒಂದು ಬುಟ್ಟಿಯಲ್ಲಿ ಮಡಿಚಿದ ಚೀಟಿಗಳಿವೆ. ಒಂದೊಂದರಲ್ಲಿ ಒಂದೊಂದು ಹೆಸರಿದೆ: ಗುರುಗಳದು, ಸಿಸ್ಟರದು, ಗುರುಮಠದ ಹುಡುಗನದು, ಉಪದೇಶಿಯದು, ದಾದಿಯದು, ಹೊಸದಾಗಿ ಮದುವೆಯಾದ ದಂಪತಿಗಳದು. ಇವರೆಲ್ಲ ತಮ್ಮ ಹೆಸರು ಸೇರಿಸಲು ಒಪ್ಪಿ, ಫೋನ್ ನಂಬರನ್ನೂ ಕೊಟ್ಟಿದ್ದಾರೆ. ಮನೆಗೊಂದು ಚೀಟಿ ಸಾಕು, ಎರಡು ತೆಗೆದುಕೊಳ್ಳಬೇಡಿ. ಒಂದು ವರ್ಷಕ್ಕೆ ಒಂದು ಹೆಸರನ್ನು ಅಳತೆ ಹಿಡಿದು ಹೊಲಿಯುವುದೇ ಬೇಕಾದಷ್ಟು ಕೆಲಸ. ಇಂದು ರಾತ್ರಿಯೇ ಪ್ರಾರ್ಥನೆ ಆರಂಭಿಸುವ ಅವಸರವೂ ಬೇಡ. ಮೊದಲು ಫೋನ್ ಮಾಡಿ, ನಿಮ್ಮ ದಿನ ಹೇಗೆ ಸಾಗುತ್ತದೆ, ಏನು ಕೇಳಿಕೊಳ್ಳಲಿ ಎಂದು ವಿಚಾರಿಸಿ. ಉತ್ತರ ಬಂದ ಮೇಲೆ ಆರಂಭಿಸಿ. ಅವರಿಗೆ ಕಲ್ಲು ಬೇಕಾಗಿದ್ದರೆ ಅದು ಆ ಫೋನಿನಲ್ಲಿಯೇ ತಿಳಿಯುತ್ತದೆ.

ಬುಟ್ಟಿಯಲ್ಲಿ ಆರು ಚೀಟಿಗಳು ಖಾಲಿ ಇವೆ. ಅಚ್ಚಿನ ತಪ್ಪಲ್ಲ. ಗುರುಮಠದಿಂದಲೋ ಕನ್ಯಾಮಠದಿಂದಲೋ ಹಿಂತಿರುಗಿ ಬಂದು ಈಗ ನಮ್ಮ ನಿಮ್ಮ ಊರುಗಳಲ್ಲಿಯೇ ಇರುವವರಿಗಾಗಿ ಅವನ್ನು ಇಟ್ಟಿದ್ದೇನೆ. ಅವರ ಹೆಸರನ್ನು ಅವರನ್ನು ಕೇಳದೆ ಬರೆಯುವುದು ಸರಿಯಲ್ಲವೆನಿಸಿತು. ಖಾಲಿ ಚೀಟಿ ಬಂದವರು ಯಾರ ಮನೆಗೆ ಹೋಗಬೇಕೆಂದು ನಿಮಗೇ ಗೊತ್ತಿರುತ್ತದೆ.